ದಾರಿಗೆ ಅಡ್ಡವಾಗಿ ಒಂದು ಕೊಂಬೆ

"ಈ ದಾರಿ ವಿವರ ಬರೆದ ಪುಣ್ಯಾತ್ಮರು ಯಾರ್ರೀ ಇಲ್ಲಿ?"

ಮಾತಿನ ಹಿಂದೆಯೇ ಒಂದು ಸೈಕಲ್ ಅಂಗಳಕ್ಕೆ ಜಾರಿ ಬಂದು ನಿಂತಿತು. ಚಕ್ರದಿಂದ ಸಿಡಿದ ಜಲ್ಲಿಯ ಚೂರೊಂದು ಜಗಲಿಯಲ್ಲಿ ಕುಳಿತಿದ್ದ ಅವಳ ಟೀ ಲೋಟಕ್ಕೆ ಟಣ್ ಎಂದು ಬಡಿಯಿತು.

ಅವಳು ದಡಕ್ಕನೆ ಎದ್ದಳು. ಯಾರಾದರೂ ಬಿದ್ದರೇ? ಎಡಕ್ಕೆ ಎನ್ನುವಲ್ಲಿ ಬಲಕ್ಕೆ ಎಂದು ಬರೆದುಬಿಟ್ಟೆನೇ?

"ನಾನೇ... ಏನಾಯ್ತು?"

ಅವನು ಹೆಲ್ಮೆಟ್ ತೆಗೆದ. ಮುಖದ ತುಂಬ ಬಿಳಿ ಧೂಳು. ಅದರ ನಡುವೆ ಕಣ್ಣುಗಳು ಮಾತ್ರ ನಗುತ್ತಿದ್ದವು.

"ಎಚ್ಚರಿಕೆ, ಸಡಿಲ ಜಲ್ಲಿ. ಎಚ್ಚರಿಕೆ, ಇಳಿಜಾರು. ಎಚ್ಚರಿಕೆ, ಮರದ ಬೇರು. ಎಚ್ಚರಿಕೆ, ಕುರಿಗಳು... ಕುರಿಗಳು! ನನ್ನನ್ನ ನೋಡಿ ಅವೇ ಎದ್ದೂ ಬಿದ್ದೂ ಓಡಿದ್ವು ಕಣ್ರೀ. ಎಲ್ಲದಕ್ಕೂ ಎಚ್ಚರಿಕೆ ಅಂದ್ರೆ, ನಿಜವಾದ ಅಪಾಯ ಯಾವುದು ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು?"

ಒಳಗಿನಿಂದ ಅವಳ ಚಿಕ್ಕಮ್ಮ ಕೂಗಿದಳು. "ಬಂದ್ಯಾ ಪಂಕ್ಚರ್ರಾಯ? ಬಂದ ಮೊದಲ ದಿನಾನೇ ಜಗಳ ಶುರು ಮಾಡ್ಕೊಂಡ್ಯಾ?"

ಹಳ್ಳಿಯ ಅಂಚಿನಲ್ಲಿದ್ದ ಆ ಅತಿಥಿಗೃಹ ಚಿಕ್ಕಮ್ಮನದು. ಡಾಂಬರು ರಸ್ತೆ ಬೇಸರವಾದ ಸೈಕಲ್ ಸವಾರರು ದಪ್ಪ ಚಕ್ರದ ಸೈಕಲ್ಲುಗಳನ್ನು ಹೊತ್ತು ಅಲ್ಲಿಗೆ ಬರುತ್ತಿದ್ದರು. ಹೊಲಗಳ ಬದಿಯಲ್ಲಿ, ಕೆಲಸ ನಿಂತುಹೋದ ಕಲ್ಲುಗಣಿಯ ಸುತ್ತ, ಯಾರೂ ಓಡಾಡದ ಜಲ್ಲಿದಾರಿಗಳಲ್ಲಿ ದಿನವಿಡೀ ಅಲೆಯುತ್ತಿದ್ದರು. ಎಲ್ಲಿ ತಿರುಗಬೇಕು, ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಇಳಿದು ತಳ್ಳಬೇಕು ಎಂದು ಅವರಿಗೆ ಬರೆದುಕೊಡುವುದು ಅವಳ ಕೆಲಸ. ಸೈಕಲ್ ರಿಪೇರಿಗೆ, ದಾರಿಗಳನ್ನು ಮೊದಲು ತುಳಿದು ನೋಡುವುದಕ್ಕೆ ಹೊಸದಾಗಿ ಬಂದವನು ಇವನು.

ಅಂದಿನಿಂದ ಅವಳು ಅವನ ಬಾಯಲ್ಲಿ 'ಎಚ್ಚರಿಕೆ ಮೇಡಂ' ಆದಳು.

ಅವಳು ಹುಟ್ಟಾ ಅಂಜುಬುರುಕಿಯಲ್ಲ. ಹಿಂದೊಮ್ಮೆ ಒಂದು ಸಂಬಂಧ ನಿಶ್ಚಯವಾಗಿತ್ತು. ಆ ಹುಡುಗ ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಫೋನ್ ಎತ್ತುವುದನ್ನು ನಿಲ್ಲಿಸಿದ, ಅಷ್ಟೇ. ಆಮೇಲಿನಿಂದ ಜನ ಹೇಳದೇ ಬಿಟ್ಟದ್ದನ್ನು ಅವಳೇ ಮುಂಚಿತವಾಗಿ ಓದಿಕೊಂಡುಬಿಡುತ್ತಿದ್ದಳು. ಅದು ಎಂದೂ ಒಳ್ಳೆಯ ಸುದ್ದಿಯಾಗಿರುತ್ತಿರಲಿಲ್ಲ.

ಬೆಟ್ಟದ ಆಚೆ ಫೋನಿಗೆ ಸಿಗ್ನಲ್ ಇರಲಿಲ್ಲ. ಆದ್ದರಿಂದ ಅವರಿಬ್ಬರೂ ಒಂದು ಗುರುತಿನ ಭಾಷೆ ಮಾಡಿಕೊಂಡರು. ಅವನು ಬೆಳಗ್ಗೆ ಮುಂದೆ ಹೋಗುವುದು. ಅವಳು ನಿಧಾನವಾಗಿ, ಬರೆದುಕೊಳ್ಳುತ್ತ ಹಿಂದೆ ಹೋಗುವುದು. ಕವಲಿನಲ್ಲಿ ಕಲ್ಲಿನ ಮೇಲೊಂದು ಕಲ್ಲಿದ್ದರೆ ದಾರಿ ಚೆನ್ನಾಗಿದೆ, ಬನ್ನಿ ಎಂದರ್ಥ. ದಾರಿಗೆ ಅಡ್ಡವಾಗಿ ಕೊಂಬೆಯಿದ್ದರೆ, ಬರಬೇಡಿ.

"ಕೊಂಬೆ ಕಂಡ್ರೆ ವಾಪಸ್ ಹೋಗ್ಬಿಡ್ಬೇಡಿ. ಅಲ್ಲೇ ನಿಂತಿರಿ, ನಾನೇ ಬರ್ತೀನಿ," ಎಂದಿದ್ದ ಅವನು. "ನೀವು ಎಲ್ಲಿದೀರ ಅಂತ ಹುಡುಕೋ ಹಾಗಾಗ್ಬಾರ್ದು."

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಕವಲಿನಲ್ಲಿ ಮೂರು ಕಲ್ಲುಗಳು ಕಂಡವು.

"ಮೂರನೇದು ಯಾಕೆ?" ಎಂದು ಸಂಜೆ ಕೇಳಿದಳು.

"ಎರಡು ಅಂದ್ರೆ ಬನ್ನಿ ಅಂತ."

"ಮೂರು ಅಂದ್ರೆ?"

ಅವನು ಚೈನಿಗೆ ಎಣ್ಣೆ ಬಿಡುತ್ತ, ತಲೆ ಎತ್ತದೆ ಹೇಳಿದ. "ಬೇಗ ಬನ್ನಿ ಅಂತ."

ಆ ಮೂರನೇ ಕಲ್ಲನ್ನು ಅವಳು ಜೇಬಿಗೆ ಹಾಕಿಕೊಂಡು ತಂದಿದ್ದಳು. ಅವನಿಗೆ ಹೇಳಿರಲಿಲ್ಲ.

ಇಷ್ಟರಲ್ಲೇ ಅವನಿಗೆ ಒಂದು ಕರೆ ಬಂತು. ಸೈಕಲ್ ಪ್ರವಾಸ ನಡೆಸುವ ದೊಡ್ಡ ಕಂಪನಿ. ದೂರದ ಪ್ರಾಂತ್ಯದಲ್ಲಿ ಹೊಸ ದಾರಿ ಹುಡುಕುವ ಕೆಲಸ. ಚಿಕ್ಕಮ್ಮ ಊಟದ ಮೇಜಿನಲ್ಲಿ ಸುದ್ದಿ ಹೇಳಿದಾಗ ಅವಳ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

ಸಂಜೆ ರಿಪೇರಿ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದಳು. "ಹೋಗ್ತೀರಾ?"

"ಯೋಚನೆ ಮಾಡ್ತಿದೀನಿ."

"ನೀವು ಹೋಗೋದಾದ್ರೆ... ನಾನೂ ಹಿಂದೆ ಬರ್ತೀನಿ."

ಬಾಯಿಂದ ಜಾರಿತು! ಅವನು ಸ್ಪ್ಯಾನರ್ ಕೆಳಗಿಟ್ಟ.

"ಎಲ್ಲಿಗೆ?"

ಅವಳ ಕಿವಿ ಬಿಸಿಯಾಯಿತು. "ನಾಳೆ... ಹಳ್ಳದ ದಾರಿಗೆ! ನಾಳೆ ಅತಿಥಿಗಳು ಆ ಕಡೆಯಿಂದ ಬರ್ತಿದಾರಲ್ಲ, ಅದಕ್ಕೆ."

ಅವನು ಅವಳನ್ನೇ ನೋಡಿದ.

"ಸರಿ. ಹಾಗಾದ್ರೆ ಉತ್ತರ ನಾಳೆ, ಹಳ್ಳದ ದಾರೀಲೇ ಹೇಳ್ತೀನಿ."

ಮರುದಿನ ಬೆಳಗ್ಗೆ ಅವಳು ಹಳ್ಳದ ದಾರಿ ಹಿಡಿದಳು. ಮೂರು ಕಲ್ಲು ಇಟ್ಟಿರುತ್ತಾನಾ? ಎರಡೇ ಇದ್ದರೆ? ಎರಡಿದ್ದರೆ ಏನರ್ಥ?

ಬೇಲಿಯ ತಿರುವಿನಲ್ಲಿ ಬ್ರೇಕ್ ಹಿಡಿದಳು.

ಕಲ್ಲುಗಳಿರಲಿಲ್ಲ. ದಾರಿಗೆ ಅಡ್ಡವಾಗಿ, ಈಗ ತಾನೇ ಮುರಿದ ಹಸಿ ಕೊಂಬೆ ಬಿದ್ದಿತ್ತು.

ಬರಬೇಡ.

ಅವಳು ಮುಂದೆ ನೋಡಿದಳು. ಕಣ್ಣು ಹಾಯುವ ತನಕ ದಾರಿ ಬಾಚಿಟ್ಟ ತಲೆಗೂದಲಿನ ಹಾಗಿತ್ತು. ಗುಂಡಿಯಿಲ್ಲ, ಕೆಸರಿಲ್ಲ. ಅವನ ಸೈಕಲ್ ಗುರುತು ಆರಾಮಾಗಿ ಮುಂದೆ ಹೋಗಿತ್ತು. ಅವನು ಹೋಗಬಹುದಾದ ದಾರಿಯಲ್ಲಿ ಅವಳು ಮಾತ್ರ ಯಾಕೆ ಹೋಗಬಾರದು?

ಓಹೋ... ಇದೇ ಉತ್ತರ.

'ಹಿಂದೆ ಬರ್ತೀನಿ' ಎಂದವಳಿಗೆ 'ಬರಬೇಡ' ಎಂದು ಹೇಳಿದ್ದಾನೆ. ಮುಖ ನೋಡಿ ಹೇಳಲು ಇವನಿಗೂ ಆಗಲಿಲ್ಲ.

ಅಲ್ಲೇ ನಿಂತಿರಬೇಕೆಂಬ ಮಾತು ನೆನಪಿರಲಿಲ್ಲವೆಂದಲ್ಲ. ಆದರೆ ನಿಂತು ಏನು ಕೇಳಿಸಿಕೊಳ್ಳಬೇಕು? ಅವಳು ಸೈಕಲ್ ತಿರುಗಿಸಿದಳು. ಎಲ್ಲ ದಾರಿಯಲ್ಲೂ ಅಪಾಯ ಕಾಣುತ್ತಿದ್ದವಳಿಗೆ, ಅಪಾಯವೇ ಎದುರಿಗಿದ್ದಾಗ ಅದೊಂದು ಕಾಣಲಿಲ್ಲ!

ಮನೆಗೆ ಬಂದವಳ ಮುಖ ನೋಡಿ ಚಿಕ್ಕಮ್ಮ ಹೌಹಾರಿದಳು. "ಏನೇ ಇದು? ಬಿದ್ಯಾ?"

"ಇಲ್ಲ ಚಿಕ್ಕಮ್ಮ."

"ಬಿದ್ದಿದ್ರೇ ವಾಸಿಯಿತ್ತು, ಹಚ್ಚೋಕೆ ಮುಲಾಮಾದ್ರೂ ಇದೆ."

ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ಲುಗಳ ಸದ್ದು. ಹಳ್ಳದ ದಾರಿಯಲ್ಲಿ ಬರಬೇಕಿದ್ದ ಅತಿಥಿಗಳು ಡಾಂಬರು ರಸ್ತೆಯ ಕಡೆಯಿಂದ ಬಂದಿದ್ದರು. ಮುಂದಿದ್ದ ಹೆಂಗಸು ಬೆವರು ಒರೆಸಿಕೊಳ್ಳುತ್ತ ಹೇಳಿದಳು. "ನಿಮ್ಮ ರಿಪೇರಿಯವರು ಪುಣ್ಯ ಕಟ್ಕೊಂಡ್ರು! ಹಳ್ಳದ ಚಿಕ್ಕ ಸೇತುವೆ ಒಂದು ಕಡೆ ಕುಸಿದಿದೆ. ತಿರುವಲ್ಲಿ ಕಾಣೋದೇ ಇಲ್ಲ. ಅವರು ನಾವಿದ್ದ ಕಡೆಗೆ ದಾಟಿ ಬಂದು ನಮ್ಮನ್ನ ತಡೆದ್ರು."

ಅವಳು ಗುಂಪಿನ ಹಿಂದೆಲ್ಲ ಕಣ್ಣಾಡಿಸಿದಳು.

"ಅವರೆಲ್ಲಿ?"

"ಸುತ್ತಿಕೊಂಡು ನಮ್ಮ ಜೊತೆ ಬನ್ನಿ ಅಂದ್ವಿ, ಕೇಳಲಿಲ್ಲ. 'ಆ ಕಡೆ ಒಬ್ಬರು ನನ್ನ ದಾರಿ ಕಾಯ್ತಿರ್ತಾರೆ' ಅಂತ ಸೇತುವೆ ಕಡೆಗೇ ವಾಪಸ್ ಹೋದ್ರು."

ದಾರಿ ಕಾಯ್ತಿರ್ತಾರೆ...

ಅವಳು ಕಾದಿರಲಿಲ್ಲ!

"ಹೆಲ್ಮೆಟ್ ಹಾಕ್ಕೊಳ್ಳೇ!" ಎಂದು ಚಿಕ್ಕಮ್ಮ ಕೂಗುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. 'ಇಳಿದು ತಳ್ಳಿರಿ' ಎಂದು ತಾನೇ ಬರೆದಿದ್ದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಲಿಲ್ಲ. ಜಲ್ಲಿ ಚಕ್ರದಡಿ ಜರಜರನೆ ಸರಿಯಿತು, ಹ್ಯಾಂಡಲ್ ನಡುಗಿತು, ಹಲ್ಲು ಹಲ್ಲಿಗೆ ಬಡಿಯಿತು. ದೇವರೇ, ಆ ಮುರಿದ ಸೇತುವೆಯನ್ನು ಅವನು ನನಗಾಗಿ ಮತ್ತೆ ದಾಟಿದ್ದರೆ... ದಾಟುವಾಗ...

ಕೊಂಬೆ ಅಲ್ಲೇ ಇತ್ತು. ಸುತ್ತ ನೆಲವೆಲ್ಲ ಕುರಿಗಳ ಗೊರಸಿನ ಗುರುತು. ಅವನಿರಲಿಲ್ಲ.

ಕೊಂಬೆ ದಾಟಿ ನಡೆದಳು. ಅಲ್ಲಿ ಮಣ್ಣಿನ ಮೇಲೆ ಅವನ ಚಕ್ರದ ಗೆರೆಗಳು ಕಂಡವು. ಒಂದಲ್ಲ, ಮೂರು. ಹೋದದ್ದು. ವಾಪಸ್ ಬಂದದ್ದು. ಮತ್ತೆ ಹೋದದ್ದು. ಅತಿಥಿಗಳನ್ನು ತಡೆಯುವ ಆತುರದಲ್ಲೂ ಅವನು ಮೊದಲು ಹಿಂದಕ್ಕೆ ಬಂದಿದ್ದ, ಅವಳಿಗಾಗಿ ಕೊಂಬೆ ಇಡಲು.

ಬೆಳಗ್ಗೆ ನಾಲ್ಕು ಹೆಜ್ಜೆ ಮುಂದಿಟ್ಟಿದ್ದರೆ ಇದು ಕಾಣುತ್ತಿತ್ತು.

ಸೇತುವೆಯ ನಡುಭಾಗ ಈಗ ಇರಲೇ ಇಲ್ಲ. ಕೆಳಗೆ ಕೆಂಪು ನೀರು ಕಲ್ಲುಚಪ್ಪಡಿಗಳ ಮೇಲೆ ಸುತ್ತಿ ಸುಳಿದು ಹರಿಯುತ್ತಿತ್ತು. ಆಚೆ ದಡದಲ್ಲಿ ಬೇಲಿಗೆ ಒರಗಿಸಿದ ಅವನ ಸೈಕಲ್ ಒಂಟಿಯಾಗಿ ನಿಂತಿತ್ತು. ಈಚೆ ನೀರಂಚಿನ ಕೆಸರಿನಲ್ಲಿ ಒಂದು ಕೈಗವಸು.

"ರೀ!"

ಇದುವರೆಗೆ ಅವನನ್ನು 'ಇಲ್ನೋಡಿ' ಎಂದಷ್ಟೇ ಕರೆದವಳು ಅವಳು. ಈಗ ಗಂಟಲು ಹರಿಯುವಂತೆ ಕೂಗಿದಳು. "ರೀ...! ಎಲ್ಲಿದೀರಾ? ರೀ!"

ಉತ್ತರವಿಲ್ಲ. ನೀರಿನ ಸದ್ದು ಮಾತ್ರ.

ಅವಳು ಆ ಕೈಗವಸಿನ ಕಡೆಗೆ ದಡ ಇಳಿದಳು. ನನ್ನಿಂದಲೇ. ನಿಂತಿರು ಎಂದಿದ್ದ, ನಿಲ್ಲಲಿಲ್ಲ...

"ಕೊಂಬೆ ದಾಟಿ ಬಂದ್ರಾ ಹಾಗಾದ್ರೆ?! ಬುದ್ಧಿ ಇದೆಯೇನ್ರೀ ನಿಮಗೆ?"

ತಿರುಗಿದಳು. ಹಳ್ಳದ ಕೆಳಗಿನ ಪೊದೆಗಳ ನಡುವಿನಿಂದ ಅವನು ಕುಂಟುತ್ತ ಬರುತ್ತಿದ್ದ. ಸೊಂಟದವರೆಗೆ ಒದ್ದೆ, ತೋಳಿನ ತುಂಬ ಮುಳ್ಳಿನ ಗೀರು, ಧ್ವನಿ ಒಡೆದು ಹೋಗಿತ್ತು.

"ನೀವು... ಬದುಕಿದೀರಾ?"

"ನಾನು ಕೇಳ್ಬೇಕಾದ ಪ್ರಶ್ನೆ ಅದು! ಸೈಕಲ್ ಆಚೆ ಬಿಟ್ಟು ನಡ್ಕೊಂಡೇ ಸೇತುವೆ ದಾಟಿದೆ, ಹಿಂದೇನೇ ಅದು ಬಿತ್ತು. ಕೊಂಬೆ ಹತ್ರ ಬಂದ್ರೆ ನೀವಿಲ್ಲ! ಎಲ್ಲಿ ಹೋದ್ರಿ ಅಂತ ನೋಡೋಣ ಅಂದ್ರೆ ಕುರಿಗಳು ಗುರುತೆಲ್ಲ ಅಳಿಸಿವೆ. ನೀವು ಹಳ್ಳಕ್ಕೇ ಬಿದ್ರಿ ಅಂತ ಕೆಳಗಿನ ಬಂಡೆವರೆಗೂ ಹುಡುಕಿದೆ..."

ಎಲ್ಲದಕ್ಕೂ ನಗುವವನ ಮುಖದಲ್ಲಿ ತನ್ನದೇ ಭಯ ಕುಳಿತಿರುವುದನ್ನು ಅವಳು ಮೊದಲ ಬಾರಿ ನೋಡಿದಳು.

"ನಾನು ಮನೆಗೆ ಹೋಗಿದ್ದೆ," ಎಂದಳು ಮೆಲ್ಲನೆ. "ಆ ಕೊಂಬೆ ನನಗೆ ಇಟ್ಟಿದ್ದು ಅಂದ್ಕೊಂಡೆ."

"ನಿಮಗೇ ಇಟ್ಟಿದ್ದು!"

"ಹಾಗಲ್ಲ... ನಿನ್ನೆ ನಾನು ಹಿಂದೆ ಬರ್ತೀನಿ ಅಂದೆನಲ್ಲ. ಅದಕ್ಕೆ ಉತ್ತರ ಅಂದ್ಕೊಂಡೆ. ಬರಬೇಡ ಅಂತ."

ಅವನು ಪಕ್ಕದ ಬಂಡೆಯ ಮೇಲೆ ಧೊಪ್ಪನೆ ಕುಳಿತ.

"ಅಯ್ಯೋ ನನ್ನ ಎಚ್ಚರಿಕೆ ಮೇಡಂ! ಇಡೀ ಊರಿನ ಗುಂಡಿ ಕಾಣುತ್ತೆ ನಿಮಗೆ. ನಾನು ಕಾಣಲ್ವಾ?"

ಅವಳು ಅಳುತ್ತಲೇ ನಕ್ಕಳು. ಜೇಬಿಗೆ ಕೈಹಾಕಿ, ಬೆರಳ ತುದಿಯಿಂದ ಸವರಿ ಸವರಿ ನುಣುಪಾಗಿದ್ದ ಆ ಮೂರನೇ ಕಲ್ಲನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಗುರುತಿಸಿದ.

"ಆ ಕಂಪನಿಗೆ ಬೆಳಗ್ಗೆ ಹೊರಡೋ ಮುಂಚೇನೇ ಫೋನ್ ಮಾಡಿ ಬರಲ್ಲ ಅಂದೆ," ಎಂದ. "ಇಲ್ಲೇ ಇನ್ನೂ ಎಷ್ಟು ದಾರಿ ಬಾಕಿ ಇದೆ. ಆದ್ರೆ ನೀನು ನನ್ನ ಹಿಂದೆ ಬರೋದು ಬೇಡ."

ಅವಳು ತಟ್ಟನೆ ತಲೆ ಎತ್ತಿದಳು.

"ಜೊತೆಗೆ ಬಾ. ಈ ಕಲ್ಲು ಕೊಂಬೆ ಸಹವಾಸ ಸಾಕಾಯ್ತು ನನಗೆ."

ನೀವು ಹೋಗಿ ನೀನು ಆಗಿದ್ದು ಇಬ್ಬರಿಗೂ ತಿಳಿಯಿತು. ಅವಳು ಅವನ ಕೆಸರು ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

ಅವನನ್ನು ತನ್ನ ಸೈಕಲ್ಲಿನ ಮೇಲೆ ಕೂರಿಸಿ, ಅವಳೇ ತಳ್ಳುತ್ತ ಹೊರಟಳು. ಕೊಂಬೆಯನ್ನು ಹಾಗೇ ಬಿಟ್ಟರು, ಬೇರೆಯವರಿಗೆ ಬೇಕಲ್ಲ.

"ಕುರಿಗಳ ವಿಷಯದಲ್ಲಿ ನೀನು ಬರೆದಿದ್ದು ಸರಿ," ಎಂದ ಅವನು. "ಅಪಾಯಾನೇ ಅವು."

"ಇಲ್ಲೊಂದು ಹೊಸ ಎಚ್ಚರಿಕೆ ಬರೀಬೇಕು."

"ಏನಂತ?"

"ಕೊಂಬೆ ಕಂಡರೆ ಅಲ್ಲೇ ನಿಲ್ಲಿ ಅಂತ."

"ಅಷ್ಟೇನಾ? ಆಮೇಲೆ ಏನಾಗುತ್ತೆ ಅಂತ ಬರಿಯಲ್ವಾ?"

"ಅದು ಎಲ್ಲರಿಗೂ ಯಾಕ್ರೀ?"

ಅವನು ಸೀಟಿನಿಂದ ಬಗ್ಗಿ ಅವಳ ಮುಖ ನೋಡಿದ. "ಆಗ್ಲೇ ಹಳ್ಳದ ಹತ್ರಾನೂ 'ರೀ' ಅಂತ ಕೂಗಿದ್ದು ಕೇಳಿಸ್ತು ನನಗೆ."

"ಕೇಳಿಸ್ತಾ? ಮತ್ತೆ ಯಾಕೆ ಓಗೊಡಲಿಲ್ಲ?"

"ಇನ್ನೊಂದ್ಸಲ ಕರೀಲಿ ಅಂತ..."