ಎದೆಯ ಮೇಲಿನ ಆರು ಉಂಗುರ

“ಈ ಗುಳಿಗಿ ನನ್ನ ಮಗನ್ನ ನುಂಗ್ಯಾವ. ಇನ್ನ ಮಗಳ್ನ ನುಂಗಾಕ ಬಿಡಂಗಿಲ್ಲ!” ಜಂಬಮ್ಮ ಕೂಗಿದಳು.

“ಯವ್ವಾ, ಗುಳಿಗಿ ಬಿಟ್ಟರ ಯಮನಮ್ಮನೂ ಸಾಯ್ತಾಳ. ಎಷ್ಟು ಸಲ ಹೇಳ್ಬೇಕು ನಿನಗ?” ಡಾಕ್ಟರ್ ತಾಯಣ್ಣನ ದನಿಯೂ ಏರಿತು.

“ಬಾಯಿ ಮುಚ್ಚು! ನಿನ್ನ ಬಾನಾಮತಿ ನನ್ನ ಮಗನ ಎದಿಮ್ಯಾಲ ಮೂಡಿತ್ತು. ಮೈ ತೊಳಿಯಾಗ ನಾನ ನೋಡೀನಿ. ಎಡಗಡಿ ಸಾಲಾಗಿ ಆರು ಉಂಗುರ, ಕೆಂಪಗ! ಮಾಟ ತಗಲಿದವ್ರಿಗೆ ಬಿಟ್ಟು ಯಾರಿಗೆ ಬರ್ತದ ಅದು?”

ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. “ಸಾಕು ಮಾಡ್ರಿ! ಓಣಿ ಮಂದಿ ಎಲ್ಲಾ ಕೇಳಾಕತ್ತದ” ಎಂದು ಗದರಿದೆ. ನನ್ನ ಹಿಂದೆ ವಕೀಲ ಹನುಮಂತ್ರಾಯರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೋರ್ಟಿಗೆ ಹೋಗುವುದನ್ನು ಬಿಟ್ಟು ಪತ್ತೇದಾರಿಕೆ ಹಿಡಿದ ಮೇಲೆ ರಾಯಚೂರಿನಲ್ಲಿ ಅವರ ಹೆಸರು ಗೊತ್ತಿಲ್ಲದವರಿರಲಿಲ್ಲ. ನಾನು ಮಾರೆಪ್ಪ, ಅವರ ಜೀಪಿನ ಡ್ರೈವರು. ಸಿಟ್ಟಿನ ಕೆಲಸ ನನ್ನದು, ತಲೆಯ ಕೆಲಸ ಅವರದು.

ನಮ್ಮನ್ನು ಕರೆಸಿದವಳು ಯಮನಮ್ಮ. ಹದಿನೆಂಟರ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. “ಸಾಹೇಬ್ರ, ಸಂಜಿ ಬಸ್ಸಿಗೆ ಅವ್ವ ನನ್ನ ನಮ್ಮೂರು ಗಬ್ಬೂರಿಗೆ ಕರ್ಕೊಂಡು ಹೋಗ್ತಾಳ. ಗುಳಿಗಿ ನುಂಗಬೇಕೋ ಬ್ಯಾಡೋ, ಅಷ್ಟ ನನಗ ಗೊತ್ತಾಗಬೇಕ್ರಿ” ಎಂದಳು.

ಅದು ಎಂಬತ್ತನಾಲ್ಕರ ಬೇಸಿಗೆ. ಕೂಲಿಕಾರರ ಮಗನಾಗಿ ಯಾಪಲದಿನ್ನಿಯಲ್ಲಿ ಹುಟ್ಟಿದ ತಾಯಣ್ಣ ದೊಡ್ಡ ಡಾಕ್ಟರಾಗಿ ಬಂದು, ರಾಯಚೂರು ಕೋಟೆಯೊಳಗಿನ ಅಂದ್ರೂನ್ ಕಿಲ್ಲಾದ ಬಾಡಿಗೆ ಮನೆಯಲ್ಲಿ ಹೃದಯದ ತಾಳ ತಪ್ಪುವ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಜಂಬಮ್ಮನ ಕುರುಬರ ಮನೆತನದಲ್ಲಿ ಗಟ್ಟಿಮುಟ್ಟಾದವರೇ ಬೆಚ್ಚಿಬಿದ್ದು ಸಾಯುತ್ತಿದ್ದರು. ಗಂಡ ಸತ್ತದ್ದು ಸಿಡಿಲಿನ ಸದ್ದಿಗೆ. ಉಳಿದ ಮಕ್ಕಳಾದ ಗದ್ದೆಪ್ಪ, ಯಮನಮ್ಮನನ್ನು ತಾಯಣ್ಣ ತಾಯಿಯ ಸಮೇತ ಮನೆಗೇ ಕರೆತಂದು ಗುಳಿಗೆ ಕೊಡುತ್ತಿದ್ದ. ಆಮೇಲೆ ಇಬ್ಬರಿಗೂ ಒಮ್ಮೆಯೂ ಎಚ್ಚರ ತಪ್ಪಿರಲಿಲ್ಲ. ಆದರೆ ಹಿಂದಿನ ವಾರ ತಾಯಿ ಮಗಳು ಸಿರವಾರದ ಸಂತೆಗೆ ಹೋಗಿ ಬರುವಷ್ಟರಲ್ಲಿ ಗದ್ದೆಪ್ಪ ಮಂಚದ ಮೇಲೆ ಹೆಣವಾಗಿದ್ದ.

“ಏನಿದು ಕಾಯಿಲೆ? ನಮಗ ತಿಳಿಯಂಗ ಹೇಳ್ರಿ” ಎಂದರು ಹನುಮಂತ್ರಾಯರು.

“ಹೃದಯದ ಒಂದೊಂದು ಕಣಕ್ಕೂ ಕಣ್ಣಿಗೆ ಕಾಣದ ಬಾಗಿಲು ಅದಾವ್ರಿ. ಒಂದು ಬಾಗಿಲಾಗ ಸೋಡಿಯಂ ಒಳಗ ಬರ್ತದ, ಬಡಿತ ಶುರು. ಇನ್ನೊಂದರಾಗ ಪೊಟ್ಯಾಸಿಯಂ ಹೊರಗ ಹೋಗ್ತದ, ಆಗ ಹೃದಯ ಮುಂದಿನ ಬಡಿತಕ್ಕ ತಯಾರಾಗ್ತದ. ಇವರ ಮನಿತನದಾಗ ಆ ಎರಡನೇ ಬಾಗಿಲು ಸರಿಯಾಗಿ ತೆರೆಯಂಗಿಲ್ಲ ಅಂತ ನನ್ನ ಅಂದಾಜು. ಆ ತಡದಾಗ ಬೆಚ್ಚಿದರ ತಾಳ ತಪ್ಪಿ ಹೃದಯ ಬರೇ ನಡುಗ್ತದ. ಅದಕ್ಕ ಈ ಮನ್ಯಾಗ ಅಲಾರಂ ಇಲ್ಲ, ಪೂಜಿ ಗಂಟಿನೂ ಇಲ್ಲ.”

“ಹೃದಯದ ಗೆರೆ ಎಳೆಯೋ ಇಸಿಜಿ ಪೆಟ್ಟಿಗಿ ಒಂದ ಅದ ಏನ್ರಿ?”

“ಒಂದ. ಅದನ್ನ ಯಾರಿಗೂ ಮುಟ್ಟಗೊಡಂಗಿಲ್ಲ. ಅವತ್ತೂ ನನ್ನ ಜೋಡಿನ ಇತ್ತು. ಮುಂಜಾನಿ ಮಾನ್ವಿ ಶಿಬಿರಕ್ಕ ಹೋದೆ, ಮಧ್ಯಾಹ್ನ ಮೋಟಾರ್ ಸೈಕಲ್ ಮ್ಯಾಲ ದೇವದುರ್ಗಕ್ಕ. ರಾತ್ರಿ ಬಂದಾಗ ಈ ಅನಾಹುತ.”

ಪಕ್ಕದ ಮನೆಯ ಅಮೀರ್ ಸಾಬ್ ಕಟ್ಟೆಯ ಮೇಲಿದ್ದರು. ಅವತ್ತು ಏನಾದರೂ ಕೇಳಿಸಿತೇ ಎಂದಿದ್ದಕ್ಕೆ ನಕ್ಕರು. “ಏನೂ ಇಲ್ರಿ ವಕೀಲ್ ಸಾಬ್. ಮಧ್ಯಾಹ್ನ ಐಸ್ ಗಾಡಿ ಗಂಟಿ ಬಾರಿಸ್ತು. ಮೊಮ್ಮಕ್ಕಳು ಓಡಿಹೋದ್ರು. ನೋಡಿದ್ರ ಗಾಡಿನ ಇಲ್ಲ! ಬಿಸಲಿಗೆ ನನ್ನ ಕಿವಿ ಅಷ್ಟ ಅಲ್ಲ, ಹುಡುಗ್ರ ಕಿವಿನೂ ಕೆಟ್ಟಾವ ಅಂದೆ.”

ನನಗೆ ಅನುಮಾನವಿದ್ದದ್ದು ಡಾಕ್ಟರ ಸಹಾಯಕ ಮೀರಾಹುಸೇನನ ಮೇಲೆ. ಮನೆಯ ಇನ್ನೊಂದು ಕೀಲಿ ಅವನ ಬಳಿ ಇತ್ತು. ಹೋಗಿ ಅಂಗಿ ಹಿಡಿದೆ.

“ಕೈ ಬಿಡ್ರಿ ಮಾರೆಪ್ಪಣ್ಣ! ಅಂಗಿ ಹರಿದ್ರ ನೀವ ಹೊಲಿಸಿಕೊಡ್ಬೇಕು. ಸಂಜಿತನ ನಾ ಮಾನ್ವ್ಯಾಗ ಇದ್ದೆ, ಬೇಕಂದ್ರ ಹೋಗಿ ಕೇಳ್ರಿ.”

ಕೇಳಿಯೇ ಬಿಟ್ಟೆವು. ಮಾನ್ವಿಯಲ್ಲಿ ಅವನ ಮಾತು ನಿಜವಾಯಿತು. ಅಲ್ಲಿಂದ ದೇವದುರ್ಗಕ್ಕೆ ಹೋದೆವು. ಆಸ್ಪತ್ರೆಯ ಕಂಪೌಂಡರ್ “ಡಾಕ್ಟರು ಬಂದಿದ್ರು ರೀ, ಹೊತ್ತು ಮುಳುಗಾಕ ಬಂದಿತ್ತು. ನೀರು ಕೇಳಿ ಕುಡದ್ರು” ಎಂದ. ಡಾಕ್ಟರು ಬಂದದ್ದಂತೂ ನಿಜವಾಯಿತಲ್ಲ ಎಂದು ನಾನು ಸಮಾಧಾನಪಟ್ಟೆ. ಹನುಮಂತ್ರಾಯರು ಮಾತ್ರ ಗಬ್ಬೂರು ದಾಟುವವರೆಗೆ ಬೆರಳು ಮಡಚಿ ಹೊತ್ತಿನ ಲೆಕ್ಕ ಹಾಕುತ್ತಿದ್ದರು. “ಜೋರಾಗಿ ಓಡಿಸು ಮಾರೆಪ್ಪ. ಬಸ್ ಬಿಡೋದ್ರಾಗ ಮುಟ್ಟಬೇಕು, ಆ ಹುಡುಗಿ ಅದನ್ನ ಹತ್ತಬಾರದು” ಎಂದರು.

ನಾವು ಬಂದಾಗ ಜಂಬಮ್ಮ ಗಂಟು ಕಟ್ಟಿಕೊಂಡು ನಿಂತಿದ್ದಳು. ಹನುಮಂತ್ರಾಯರು ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು.

“ಜಂಬವ್ವ, ನೀ ನೋಡಿದ ಉಂಗುರ ಸುಳ್ಳಲ್ಲ. ಆದರ ಅದು ಬಾನಾಮತಿ ಅಲ್ಲ. ಇಸಿಜಿ ಪೆಟ್ಟಿಗಿಗೆ ಆರು ರಬ್ಬರ್ ಬುರುಡಿ ಇರ್ತಾವ. ಎದಿಗೆ ಒತ್ತಿದರ ಚರ್ಮ ಹೀರಿ ಹಿಡ್ಕೋತಾವ. ಯಮನಮ್ಮ, ನಿನಗೂ ಹಚ್ಚಿದ್ದರಲ್ಲ?”

“ಹೌದ್ರಿ. ಕೆಂಪಗ ಆಗ್ತಾವ. ಸ್ವಲ್ಪ ಹೊತ್ತಿಗೆ ಹೋಗ್ತಾವ.”

“ಜೀವ ಇದ್ದರ ಹೋಗ್ತಾವ. ರಕ್ತ ಹರಿಯೋದು ನಿಂತರ ಹಂಗ ಉಳೀತಾವ. ಅಂದರ ಬುರುಡಿ ಎದಿಮ್ಯಾಲ ಇರುವಾಗಲೇ ಗದ್ದೆಪ್ಪ ಸತ್ತ. ಅವತ್ತು ಆ ಪೆಟ್ಟಿಗಿ ಎಲ್ಲಿತ್ತೋ ಅದರ ಯಜಮಾನ ಅಲ್ಲೇ ಇದ್ದ. ಪೆಟ್ಟಿಗಿ ತನ್ನ ಕೈಯಾಗ ಇತ್ತು ಅಂತ ಅವನ ಹೇಳ್ಯಾನ.”

ತಾಯಣ್ಣ ಎದ್ದು ನಿಂತ. “ನಾ ದೇವದುರ್ಗದಾಗ ಇದ್ದೆ!”

“ಇದ್ದಿ, ಹೊತ್ತು ಮುಳುಗೋವಾಗ. ಮಧ್ಯಾಹ್ನ ಮಾನ್ವಿ ಬಿಟ್ಟವನಿಗೆ ಅಷ್ಟು ಹೊತ್ತು ಹಿಡಿಯಂಗಿಲ್ಲ. ನೀ ಮೊದಲು ಇಲ್ಲಿಗೆ ಬಂದಿ. ಪೆಟ್ಟಿಗಿ ಹಚ್ಚಿ ಮಲಗಿಸಿ, ಅವನ ತಲಿ ಹತ್ರ ಗಂಟಿ ಬಾರಿಸಿದಿ. ಪಕ್ಕದ ಮನಿ ಮಕ್ಕಳು ಅದನ್ನ ಐಸ್ ಗಾಡಿ ಅಂದುಕೊಂಡ್ರು. ಇವನು ಸದ್ದಿಗೆ ಸಾಯ್ತಾನ ಅಂತ ಗೊತ್ತಿದ್ದವನು, ಈ ಪೆಟ್ಟಿಗಿ ಹಚ್ಚಾಕ ಬರ್ತಿದ್ದವನು ಈ ಊರಾಗ ಇನ್ಯಾರದಾರ?”

ನನ್ನ ಕೈ ಮುಷ್ಟಿಯಾಯಿತು. ಹನುಮಂತ್ರಾಯರು ಕಣ್ಣಲ್ಲೇ ತಡೆದರು.

ತಾಯಣ್ಣ ಕುಸಿದು ಕೂತ. “ಕೊಲ್ಲಬೇಕಂತ ಮಾಡಲಿಲ್ರಿ. ತಾಳ ತಪ್ಪೋ ಗಳಿಗ್ಯಾಗಿನ ಗೆರಿ ನನಗ ಸಿಕ್ಕೇ ಇರಲಿಲ್ಲ. ಬರೇ ಅಂದಾಜು ಅಂತ ದೊಡ್ಡ ಡಾಕ್ಟರೆಲ್ಲ ನಕ್ಕರು. ಒಂದು ಗೆರಿ ಸಿಕ್ಕರ ಸಾಕು, ಎದಿ ಒತ್ತಿ ಎಬ್ಬಿಸ್ತೀನಿ ಅಂದ್ಕೊಂಡೆ. ಒತ್ತಿದೆ. ಒತ್ತೇ ಒತ್ತಿದೆ. ಏಳಲಿಲ್ಲ.” ಯಮನಮ್ಮನ ಕಡೆ ಕೈ ತೋರಿಸಿ ಅಂದ, “ಹೇಳಿಬಿಡ್ಬೇಕಂತ ಇದ್ದೆ. ಹೇಳಿದ್ರ ಈಕಿ ಗುಳಿಗಿ ಬಿಡ್ತಾಳ ಅಂತ ಅಂಜಿದೆ.”

“ಕೇಳಿದಿಯೇನ?” ಜಂಬಮ್ಮ ಮಗಳ ರಟ್ಟೆ ಹಿಡಿದಳು. “ಇವನ ಕೈಲೆ ಕೊಟ್ಟಿದ್ದು ವಿಷಾನ. ನಡಿ!”

ಕೊಂದವನು ಸಿಕ್ಕಿದ್ದ, ಆದರೆ ಆ ಸತ್ಯವೇ ಹುಡುಗಿಯನ್ನೂ ಕೊಲ್ಲುವಂತಿತ್ತು.

ಯಮನಮ್ಮ ಕೈ ಬಿಡಿಸಿಕೊಂಡು ಡಾಕ್ಟರ ಎದುರು ನಿಂತಳು. “ಒಂದು ಮಾತು ಹೇಳ್ರಿ. ಅವತ್ತು ಅಣ್ಣಗ ಗುಳಿಗಿ ಕೊಟ್ಟಿದ್ರ್ಯಾ?”

ತಾಯಣ್ಣ ತಲೆ ಎತ್ತಲಿಲ್ಲ.

“ನನ್ನ ಮಾರಿ ನೋಡಿ ಹೇಳ್ರಿ.”

“ಇಲ್ಲವ್ವ. ಗುಳಿಗಿ ಹೊಟ್ಯಾಗ ಇದ್ದರ ತಾಳ ತಪ್ಪಂಗಿಲ್ಲ. ಅದಕ್ಕ ಎರಡು ದಿನ ಮೊದಲ ನಿಲ್ಲಿಸಿದ್ದೆ. ಬದಲಿಗೆ ಸಕ್ಕರಿ ಗುಳಿಗಿ ಕೊಟ್ಟೆ.”

ಯಮನಮ್ಮ ತಾಯಿಯ ಕಡೆ ತಿರುಗಿದಳು. “ಕೇಳ್ದೇನಬೇ? ಕೊಟ್ಟಿದ್ದಕ್ಕ ಸತ್ತಿಲ್ಲ, ಕೊಡದಿದ್ದಕ್ಕ ಸತ್ತಾನ.” ಗೂಡಿನಲ್ಲಿದ್ದ ಶೀಸೆಯಿಂದ ಒಂದು ಗುಳಿಗೆ ತೆಗೆದು ಮೀರಾಹುಸೇನನಿಗೆ ತೋರಿಸಿದಳು. ಅವನು ತಿರುಗಿಸಿ ನೋಡಿ, ಇದು ಸಕ್ಕರೆಯದಲ್ಲ, ಅಸಲಿ ಗುಳಿಗೆಯೇ ಎಂದ ಮೇಲೆಯೇ ನೀರಿಲ್ಲದೆ ನುಂಗಿದಳು. ಜಂಬಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು, ತಡೆಯಲಿಲ್ಲ.

“ನಾಳಿಯಿಂದ ದೊಡ್ಡಾಸ್ಪತ್ರ್ಯಾಗ ನನ್ನ ಹೆಸರು ಬರೆಸಿಕೊಡ್ರಿ ವಕೀಲರ” ಎಂದು ಶೀಸೆ ಸೆರಗಿಗೆ ಕಟ್ಟಿಕೊಂಡಳು.

“ಯಮನವ್ವಾ...” ತಾಯಣ್ಣ ಕರೆದ. “ಓಡಬ್ಯಾಡ. ಬಿಸಲಾಗ ಹೋಗಬ್ಯಾಡ. ವಾರಕ್ಕೊಮ್ಮೆ ಬಂದು ತೋರಿಸು.”

ಅವಳು ಹೊಸ್ತಿಲು ದಾಟಿದಳು. ತಾಯಿ ಗಂಟೆತ್ತಿಕೊಂಡು ಅವಳ ಹಿಂದೆ ನಡೆದಳು. ಓಣಿಯ ತಿರುವಿನವರೆಗೆ ಇಬ್ಬರೂ ಕಾಣುತ್ತಿದ್ದರು. ಹನುಮಂತ್ರಾಯರು ಹೇಳಿಕಳಿಸಿದ ಪೊಲೀಸರು ಬರುವವರೆಗೂ ತಾಯಣ್ಣ ಬಾಗಿಲನ್ನೇ ನೋಡುತ್ತ ಕೂತಿದ್ದ. ಯಮನಮ್ಮ ಆ ಮನೆಗೆ ಮತ್ತೆ ಕಾಲಿಡಲಿಲ್ಲ.