ಗೋಡೆಗೆ ಮುಖ ಮಾಡಿದ ಗೂಬೆಗಳು

"ಗೂಬೆ ಚಿತ್ರ ಇನ್ನೊಂದು ಇದ್ಯಲ್ಲ, ಅದನ್ನೂ ಕೊಡಿ."

ಆ ದನಿ ಕೇಳಿ ಅವಳ ಕೈಯಲ್ಲಿದ್ದ ಬ್ರಷ್ ನಿಂತಿತು.

ಅಕ್ಕನ ಚಿತ್ರದಂಗಡಿಯ ಬಾಗಿಲಲ್ಲಿ ಕೆರೆಯ ಕಾವಲುಗಾರ ನಿಂತಿದ್ದ. ಅವಳು ಜಲವರ್ಣದಲ್ಲಿ ಬರೆದ ಮಿಂಚುಳ್ಳಿ, ಕೊಕ್ಕರೆಗಳ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ.

"ಮೂರು ಆಗ್ಲೇ ತಗೊಂಡ್ರಲ್ಲ. ಮನೆ ತುಂಬಾ ಗೂಬೆ ಯಾಕಪ್ಪಾ?" ಅಕ್ಕ ನಕ್ಕಳು.

"ಬೇಕು, ಅಷ್ಟೇ."

ಹೊರಡುವಾಗ ಅವನು ಒಮ್ಮೆ ಇವಳತ್ತ ನೋಡಿದ. ಎದೆ ಝಲ್ಲೆಂದಿತು. ಹಿಂದೆಯೇ ಅನುಮಾನವೂ ಬಂತು. ಗೂಬೆಯೇ ಯಾಕೆ ಬೇಕು ಇವನಿಗೆ...

"ಅವನು ಬರೋದು ಗೂಬೆ ನೋಡೋಕಲ್ಲ ಕಣೆ," ಅಂದಳು ಅಕ್ಕ.

"ಸುಮ್ನಿರಕ್ಕ. ಬೆಳ್ಳಗಿರೋದೆಲ್ಲ ಹಾಲಲ್ಲ."

ಮರುದಿನ ಬೆಳಿಗ್ಗೆ ಅವಳು ಬಣ್ಣದ ಚೀಲ ಹಿಡಿದು ಕೆರೆಯಂಚಿನ ಮರದ ಬಳಿ ಹೋದಳು. ಅದರ ಪೊಟರೆಯಲ್ಲಿ ಎರಡು ಗೂಬೆಮರಿಗಳಿದ್ದವು. ಅಂಗಡಿಯಲ್ಲಿದ್ದ ಗೂಬೆ ಚಿತ್ರಗಳೆಲ್ಲ ಇದೇ ಮರದವು.

ಕಾಂಡದ ಮೇಲೆ ಹಗ್ಗ ಉಜ್ಜಿದ ಗುರುತು. ತೊಗಟೆ ಕಿತ್ತು ಬಂದಿತ್ತು. ಪೊಟರೆಯಿಂದ ಸದ್ದೇ ಇಲ್ಲ.

ಅವಳು ನೇರ ಕಾವಲುಗಾರನ ಕೋಣೆಗೆ ನಡೆದಳು. ಬಾಗಿಲು ತೆರೆದಿತ್ತು, ಅವನು ಒಳಗೆ ಚಹಾ ಕುಡಿಯುತ್ತಿದ್ದ. ಅವಳ ಚಿತ್ರಗಳು ನಾಲ್ಕೂ ಗೋಡೆಗೆ ಮುಖ ಮಾಡಿ ಒರಗಿದ್ದವು.

"ಮರಿಗಳೆಲ್ಲಿ?" ಅವಳು ಹೊಸಿಲಲ್ಲೇ ನಿಂತು ಕೇಳಿದಳು. "ಮರಿ ಕೊಳ್ಳೋ ಗಿರಾಕಿಗಳಿಗೆ ತೋರಿಸೋಕೆ ತಾನೇ ನನ್ನ ಚಿತ್ರ ತಗೊಂಡಿದ್ದು? ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು..."

ಅವನು ಚಹಾದ ಲೋಟ ಕೆಳಗಿಟ್ಟ.

"ಮರಿಗಳು ಪೊಟರೆಯಲ್ಲೇ ಇವೆ. ಹೆದರಿ ಒಳಗೆ ಮೂಲೆ ಸೇರಿವೆ. ಹಗ್ಗ ಕಟ್ಟಿದೋನು ನಸುಕಲ್ಲೇ ಸಿಕ್ಕಿಬಿದ್ದ. ಅವನ ಫೋನಲ್ಲಿ ನಿಮ್ಮ ಚಿತ್ರದ ಫೋಟೋ ಇತ್ತು. ಅಂಗಡಿ ಗಾಜಿನ ಆಚೆಯಿಂದ ತೆಗೆದಿದ್ದು."

"ನನ್ನ ಚಿತ್ರದ್ದಾ?"

ಅವನು ಒಂದನ್ನು ತಿರುಗಿಸಿದ. ಸೀಳಿದ ಕೊಂಬೆ, ಕೆಳಗೆ ಜೋಡಿ ಬಂಡೆ, ಹಿಂದೆ ನೀರಿನ ಟ್ಯಾಂಕು. ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆಂಬುದು ಅವಳ ಹೆಮ್ಮೆ. ಆ ಹೆಮ್ಮೆಯೇ ಕಳ್ಳನಿಗೆ ದಾರಿ ತೋರಿಸಿತ್ತು.

"ಯಾರೂ ನೋಡಬಾರ್ದು ಅಂತ ತಂದಿಟ್ಟೆ. ಒಬ್ಬ ಆಗ್ಲೇ ನೋಡಿಬಿಟ್ಟಿದ್ದ."

ಅವಳ ಕಣ್ಣು ತುಂಬಿತು. "ಮೊದಲೇ ನನಗೆ ಹೇಳ್ಬೋದಿತ್ತಲ್ಲ..."

"ಹೇಳಿದ್ರೆ ನೀವು ಈ ಕಡೆ ಬರೋದೇ ಬಿಟ್ಬಿಡ್ತೀರೇನೋ ಅಂತ ಹೆದರಿಕೆ." ಅವನು ನೆಲ ನೋಡಿದ. "ಬೆಳಿಗ್ಗೆ ನೀವು ಕೂರೋ ಜಾಗ ಖಾಲಿ ಇದ್ರೆ ನಂಗೆ ದಿನಾನೇ ಹೋಗಲ್ಲ. ನೀವಂದ್ರೆ... ತುಂಬಾ ಇಷ್ಟ."

ಇಂಥವನನ್ನು ಕಳ್ಳ ಅಂದುಬಿಟ್ಟೆನಲ್ಲ ಎಂದು ಅವಳಿಗೆ ಸಂಕಟವಾಯಿತು.

"ತಪ್ಪಾಯ್ತು. ಬಾಯಿಗೆ ಬಂದದ್ದೆಲ್ಲ ಅಂದೆ."

"ಗೂಬೆ ಬರೆಯೋರಲ್ವಾ, ನನ್ನ ತಲೆ ಮೇಲೂ ಒಂದು ಕೂರಿಸಿದ್ರಿ. ಬಿಡಿ."

ಅಳುತ್ತಲೇ ಅವಳಿಗೆ ನಗು ಬಂತು. ಚೀಲದಿಂದ ಬ್ರಷ್ ತೆಗೆದು ನೀರಿನಲ್ಲಿ ಅದ್ದಿ ನಾಲ್ಕೂ ಚಿತ್ರಗಳ ಮೇಲೆ ಒಂದೊಂದಾಗಿ ಎಳೆದಳು. ಬಂಡೆಗಳು ಕರಗಿದವು. ಟ್ಯಾಂಕು ಮಂಜಾಯಿತು. ಎರಡು ಮರಿಗಳು ಮಾತ್ರ ಕಣ್ಣರಳಿಸಿ ಕೂತಿದ್ದವು.

"ಇನ್ಮೇಲೆ ಆ ಮರ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ."

"ನಮ್ಮಿಬ್ರಿಗೆ ಗೊತ್ತಲ್ಲ."

"ಹೂಂ. ನಾಳೆ ಬೆಳಿಗ್ಗೆ ಬರ್ತೀನಿ," ಅಂದಳು ಅವಳು. "ದೂರ ನಿಂತು ನೋಡ್ಬೇಡಿ... ಬಂದು ಪಕ್ಕದಲ್ಲಿ ಕೂತ್ಕೊಳ್ಳಿ."