ನಲವತ್ತೇಳನೆಯ ಫಾರ್ಮು

"ಇನ್ನು ಒಬ್ಬ ಮಹಾಶಯರ ಉತ್ತರ ಕೇಳಿ," ಎಂದಳು ಸುನೀತಾ, ಮೈಕಿನ ಹತ್ತಿರ ಬಾಗಿ.

ನವಲಗುಂದದ ಡಿಗ್ರಿ ಕಾಲೇಜಿನ ಸಭಾಭವನ ತುಂಬಿತ್ತು. ಬಿ.ಎಸ್ಸಿ. ಕೊನೆಯ ವರ್ಷದ ಸುನೀತಾ ಮಾತಿಗೆ ನಿಂತಳೆಂದರೆ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಿದ್ದರು. ಕೃತಕ ಬೆಳಕು ಆರೋಗ್ಯಕ್ಕೆ ಏನು ಮಾಡುತ್ತದೆ, ಅದರ ಬಗ್ಗೆ ವಿದ್ಯಾರ್ಥಿಗಳು ಏನನ್ನುತ್ತಾರೆ... ಅದೇ ಅವಳ ಪ್ರಾಜೆಕ್ಟು. ನೂರಾ ಹನ್ನೆರಡು ಫಾರ್ಮು ಹಂಚಿ ತುಂಬಿಸಿಕೊಂಡಿದ್ದಳು. ಅವುಗಳ ಮೇಲೆ ಹೆಸರಿರಲಿಲ್ಲ, ಬರೀ ನಂಬರು.

ಇವತ್ತು ತಾಲೀಮು. ಇನ್ನು ಇಪ್ಪತ್ತು ದಿನಕ್ಕೆ ಹೊರಗಿನ ಪರೀಕ್ಷಕರು ಬಂದು, ಒಂದೇ ಒಂದು ಪ್ರಾಜೆಕ್ಟನ್ನು ಧಾರವಾಡದ ಸ್ಪರ್ಧೆಗೆ ಆರಿಸುವವರಿದ್ದರು. ಅದು ತನ್ನದೇ ಎಂಬುದರಲ್ಲಿ ಸುನೀತಾಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಫಾರ್ಮ್ ನಂಬರ್ ನಲವತ್ತೇಳು. ಸೂರ್ಯ ಮುಳುಗಿದ ಮೇಲೆ ಎಷ್ಟು ತಾಸು ಬಲ್ಬು, ಟಿ.ವಿ., ಮೊಬೈಲ್ ಬೆಳಕಿನಲ್ಲಿ ಇರುತ್ತೀರಿ? ಉತ್ತರ, ಸೊನ್ನೆ."

ಸಭೆಯಲ್ಲಿ ಕಿಸಿಕಿಸಿ ನಗು.

"ಯಾವಾಗ ಮಲಗುತ್ತೀರಿ? ಎಂಟರಿಂದ ಹನ್ನೆರಡು, ಆಮೇಲೆ ನನ್ನ ಪಾಳಿ."

ಈಗ ನಗು ಛಾವಣಿ ಮುಟ್ಟಿತು.

"ಕಾಲೇಜಿಗೆ ಬರೋರು, ಬಲ್ಬು ಇಲ್ಲ, ಮೊಬೈಲು ಇಲ್ಲ. ಗುಹೆಯೊಳಗೆ ಇರ್ತಾರೋ ಏನೋ. ಇಂಥ ಸುಳ್ಳು ಫಾರ್ಮನ್ನ ಲೆಕ್ಕದಿಂದ ತೆಗೆದಿದ್ದೇನೆ."

ಪರದೆಯ ಮೇಲೆ ಆ ಫಾರ್ಮು ಮೂಡಿತು. ಮೂಲೆಯಿಂದ ಮೂಲೆಗೆ ಕೆಂಪು ಗೆರೆ.

ಬಾಗಿಲ ಬಳಿ ಒಬ್ಬ ಹುಡುಗ ಎದ್ದು ನಿಂತ. ಎತ್ತರದ ಆಳು, ಬಿಸಿಲು ಕುಡಿದ ಮುಖ, ಚಪ್ಪಲಿಗೆ ಮೆತ್ತಿದ ಎರೆಮಣ್ಣು.

"ಅದು ನಂದು," ಎಂದ. ದನಿ ಏರಲಿಲ್ಲ. "ಬ್ಯಾಡಂದ್ರ ಹರದು ಒಗೀರಿ. ಆದ್ರ ಸುಳ್ಳಂತ ಬರೀಬ್ಯಾಡ್ರಿ."

ಅವನು ಹೊರಟುಹೋದ. ಸುನೀತಾ ಮುಂದಿನ ಸ್ಲೈಡಿಗೆ ಹೋದಳು. ಆದರೆ ಬಾಯಿಪಾಠವಾಗಿದ್ದ ಅಂಕಿಗಳು ಅವತ್ತು ಮೊದಲ ಸಲ ತಪ್ಪಿದವು.

* * *

"ಅಂವ ಪುಂಡಲೀಕ," ಎಂದಳು ಗೆಳತಿ ನಾಜಮೀನ್. "ಬಿ.ಎ. ಕೊನೀ ವರ್ಷ. ಅವರದು ಕುರಿ ಹಿಂಡು. ಈಗ ಮೊರಬದಾಗ ನಮ್ಮ ಹಜರತಅಲಿ ಕಾಕಾನ ಹೊಲದಾಗ ಗೊಬ್ಬರಕ್ಕಂತ ಕುರಿ ನಿಂದ್ರಸ್ಯಾರ. ಅಪ್ಪಾ ಮಗಾ ರಾತ್ರಿ ಅಲ್ಲೇ ಮಲಗತಾರ, ಪಾಳಿ ಪ್ರಕಾರ ಎದ್ದು ಕುರಿ ಕಾಯತಾರ."

"ಹೊಲದಾಗ? ಲೈಟು?"

"ಹೊಲದಾಗ ಎಲ್ಲಿ ಲೈಟಲೇ, ಸುನೀ."

ಸುನೀತಾಳ ಅಪ್ಪನದು ಬಸ್ ಸ್ಟ್ಯಾಂಡ್ ಬಾಜು ಇಲೆಕ್ಟ್ರಿಕಲ್ ಅಂಗಡಿ. ಮಾದರಿಗೆಂದು ನಲವತ್ತು ಬಲ್ಬು ಹಗಲಲ್ಲೂ ಉರಿಯುವ ಆ ಅಂಗಡಿಯಲ್ಲಿ ಆಡಿ ಬೆಳೆದವಳಿಗೆ, ಬಲ್ಬಿಲ್ಲದ ಸಂಜೆ ಎಂದರೆ ಕರೆಂಟು ಹೋದ ಸಂಜೆ ಮಾತ್ರ. ಹಾಗಾಗಿ ಸೊನ್ನೆ ಎಂದರೆ ಅವಳಿಗೆ ಸುಳ್ಳು.

ಮನೆಗೆ ಬಂದು ಫಾರ್ಮು ತೆಗೆದಳು. ಕೊನೆಯ ಪ್ರಶ್ನೆ, 'ಕೃತಕ ಬೆಳಕಿನ ಬಗ್ಗೆ ನಿಮ್ಮ ಅಭಿಪ್ರಾಯ.' ಅದನ್ನು ಓದುವ ಮೊದಲೇ ಗೆರೆ ಎಳೆದಿದ್ದಳು. ಈಗ ಓದಿದಳು.

'ಬೇಕಾದಾಗ ಹಚ್ಚಬೇಕು, ಬ್ಯಾಡಾದಾಗ ಆರಿಸಬೇಕು. ಹಚ್ಚೂದು ಎಲ್ಲಾರಿಗೂ ಬರತೈತಿ. ಆರಿಸೂದು ಯಾರೂ ಕಲಿಸವಲ್ರು.'

ನೂರಾ ಹನ್ನೆರಡರಲ್ಲಿ ಇಷ್ಟು ನೇರವಾಗಿ ಬರೆದವರು ಇನ್ನೊಬ್ಬರಿರಲಿಲ್ಲ. ಅವಳಿಗೆ ನಾಚಿಕೆಯಾಯಿತು... ಚೆನ್ನಾಗಿಯೇ ಆಯಿತು.

* * *

ಮೂರು ದಿನ ಪುಂಡಲೀಕ ಕಾಲೇಜಿಗೆ ಬರಲಿಲ್ಲ. ನಾಲ್ಕನೆಯ ದಿನ ಸುನೀತಾ ನಾಜಮೀನಳನ್ನು ಎಳೆದುಕೊಂಡು ಮೊರಬದ ಬಸ್ಸು ಹತ್ತಿದಳು.

ಕಡಲೆ ಕಿತ್ತ ಹೊಲದಲ್ಲಿ ಬಲೆ ಕಟ್ಟಿ ಕುರಿಗಳನ್ನು ಒಳಗೆ ಬಿಡುತ್ತಿದ್ದರು. ಪುಂಡಲೀಕನ ಅಪ್ಪ ಹನಮಂತಪ್ಪ ಇವರನ್ನು ಕಂಡು ಕಂಬಳಿ ಹಾಸಿದ.

"ಕುಂದರ್ರಿ ಯವ್ವಾ. ಕಾಲೇಜಿನವರೇನು?"

ಪುಂಡಲೀಕ ತಿರುಗಿ ನೋಡಿದ. "ಮತ್ತೊಂದು ಫಾರ್ಮ್ ತುಂಬಿಸ್ಕೊಳ್ಳಾಕ ಬಂದೀರೇನು?"

"ತಪ್ಪಾತು ಅಂತ ಹೇಳಾಕ ಬಂದೀನಿ."

ಅವನು ಮತ್ತೆ ಹಿಂಡಿನ ಕಡೆ ತಿರುಗಿದ. ಒಂದೊಂದೇ ಕುರಿಯ ಬೆನ್ನು ಮುಟ್ಟಿ ಒಳಗೆ ಬಿಡುತ್ತಲೇ ಇದ್ದ. ಹೊತ್ತು ಮುಳುಗಿತು. ಎರೆಹೊಲ ಕಪ್ಪಾಗುತ್ತ ಬಂದು, ನಾಜಮೀನ್ ಎಲ್ಲಿ ಕುಳಿತಿದ್ದಾಳೆಂದೇ ಸುನೀತಾಳಿಗೆ ಕಾಣದಾಯಿತು. ಅಭ್ಯಾಸಬಲ... ಮೊಬೈಲಿನ ಟಾರ್ಚು ಹಚ್ಚಿಬಿಟ್ಟಳು.

ಹಿಂಡು ಒಮ್ಮೆಲೇ ಬೆಚ್ಚಿ ಒಂದು ಕಡೆಗೆ ನುಗ್ಗಿತು. ಬಲೆಯ ಗೂಟ ಬಾಗಿತು. ಎಲ್ಲೋ ಒಂದು ಮರಿ ಕಾಲಿಗೆ ಸಿಕ್ಕಿ ಕೂಗಿತು.

"ಆರಸ್ರಿ," ಎಂದ ಪುಂಡಲೀಕ. ಕೂಗಲಿಲ್ಲ. ಹೋಗಿ ಗೂಟ ಹಿಡಿದು, ನಾಲಿಗೆಯಿಂದ ಟ್ರುವ್ ಟ್ರುವ್ ಎಂದು ಸದ್ದು ಮಾಡುತ್ತ ನಿಂತ. ಹಿಂಡು ನಿಧಾನವಾಗಿ ತಣ್ಣಗಾಯಿತು.

ಸುನೀತಾ ಟಾರ್ಚು ಆರಿಸಿ ಕತ್ತಲೆಯಲ್ಲಿ ನಿಂತಿದ್ದಳು.

"ನನಗೇನೂ ಕಾಣವಲ್ದು."

"ಈಗ ಬೆಳಕ ನೋಡೀರಲ್ಲ, ಅದಕ್ಕ. ಬ್ಯಾಟ್ರಿ ಹಚ್ಚಿದ್ರ ಅದು ಬಿದ್ದಷ್ಟ ಜಾಗ ಕಾಣತೈತಿ, ಸುತ್ತಲಿಂದೆಲ್ಲಾ ಕತ್ಲ. ತ್ವಾಳ ಬರೂದು ಸುತ್ತಲಿಂದ. ಒಂದಿಷ್ಟು ತಡೀರಿ. ಕಣ್ಣು ತಾವ ಕಲೀತಾವ."

ಅವಳು ತಡೆದಳು. ಮೊದಲು ಬಲೆಯ ಗೂಟಗಳು ಕಂಡವು, ಆಮೇಲೆ ಕುರಿಗಳ ಬೆನ್ನು. ಆಮೇಲೆ ತಲೆ ಎತ್ತಿದರೆ, ಅಂಗಡಿಯ ಎದುರಿನ ರಸ್ತೆಯಿಂದ ಒಮ್ಮೆಯೂ ಕಾಣದಷ್ಟು ಚುಕ್ಕೆ. ಕೊನೆಗೆ ಅವನ ಮುಖ ಕಂಡಿತು. ಮರಿಯನ್ನು ಎದೆಗವಚಿಕೊಂಡು ಅದರ ಕಾಲು ಸವರುತ್ತಿದ್ದ.

*ಇವನನ್ನು ನಾನು ಗುಹೆಯವನು ಅಂದೆನಲ್ಲ...*

"ತಪ್ಪಾತ್ರಿ," ಎಂದಳು ಮತ್ತೆ.

"ಇಲ್ಲಿ ಅಂದ್ರ ಏನು ಬಂತು? ಕೇಳೂದು ಕುರಿ ಅಷ್ಟ. ಅಲ್ಲಿ ನಕ್ಕಿದ್ದು ಇಡೀ ಕಾಲೇಜು."

ಸುನೀತಾ ಗಲ್ಲ ಎತ್ತಿದಳು. ಅದು ಅವಳ ಹುಟ್ಟುಗುಣ. "ಹಂಗಾದ್ರ ಅಲ್ಲೇ ಹೇಳ್ತೀನಿ. ಅದ ಮೈಕಿನಾಗ, ಪರೀಕ್ಷಕರ ಮುಂದ."

"ನೋಡೂಣು," ಎಂದ ಪುಂಡಲೀಕ. ಕತ್ತಲೆಗೆ ಕಲಿತ ಅವಳ ಕಣ್ಣಿಗೆ ಅವನ ತುಟಿಯ ಮೂಲೆಯ ನಗು ಕಂಡೇ ಕಂಡಿತು.

* * *

ಮರುದಿನ ಅವನು ಕಾಲೇಜಿಗೆ ಬಂದ. ಗ್ರಂಥಾಲಯದ ಹಿಂದಿನ ಬೇವಿನ ಗಿಡದ ಕೆಳಗೆ ಅವನು ಓದುವ ಜಾಗವಿತ್ತು. ರಾತ್ರಿ ಓದಲಾಗದವನು ಹಗಲಿನ ಒಂದು ನಿಮಿಷವನ್ನೂ ಬಿಡುತ್ತಿರಲಿಲ್ಲ. ಸುನೀತಾ ಫಾರ್ಮುಗಳ ಕಟ್ಟು ಹಿಡಿದು ಅಲ್ಲಿಗೇ ಹೋಗತೊಡಗಿದಳು. ಪ್ರಶ್ನೆಗಳನ್ನು ತಿದ್ದಬೇಕು ಅಂತ ಅವಳ ನೆಪ. ನಾಜಮೀನ್ ನಂಬಿದಂತೆ ಮಾಡಿದಳು.

"ನೀವು ಬೆಳಕಿನ ವೈರಿ ಏನ್ರಿ?" ಎಂದು ಒಮ್ಮೆ ಸುನೀತಾ ಅವನನ್ನು ಕೇಳಿದಳು.

"ಛೇ. ನಮ್ಮವ್ವಗ ಹಾವು ಕಡದಾಗ ಅಪ್ಪ ಬ್ಯಾಟ್ರಿ ಬೆಳಕಿನಾಗ ಹೊತಗೊಂಡು ಓಡಿದ್ದ. ಆ ಬೆಳಕ ಇರಲಿಲ್ಲಂದ್ರ ನಮ್ಮವ್ವ ಇರ್ತಿದ್ದಿಲ್ಲ." ಅವನು ಪುಸ್ತಕ ಮುಚ್ಚಿದ. "ನಿಮ್ಮ ಕಣ್ಣು ಯಾಕ ಕೆಂಪ ಆಗ್ಯಾವ?"

"ಲ್ಯಾಪ್‌ಟಾಪು. ನಿನ್ನೆ ಎರಡರ ತನಕ."

"ಬೆಳಕಿಂದ ನಿದ್ದಿ ಕೆಡತೈತಂತ ಪ್ರಾಜೆಕ್ಟ್ ಬರಿಯಾಕ ನಿದ್ದಿ ಕೆಡಸ್ಕೊಂಡೀರಿ?"

ಅವಳು ನಕ್ಕಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು.

"ಆ ಗುಡ್ಡದ ಕಡಿ ನೋಡ್ರಿ," ಎಂದ ಅವನು. "ಸುಮ್ಮನ. ಹತ್ರದ್ದ ನೋಡಿ ನೋಡಿ ದಣದಾವ ಅವು."

ಗುಡ್ಡ ನೋಡಲು ಹೇಳಿದವನನ್ನೇ ಅವಳು ನೋಡಿದಳು. ಕಣ್ಣಿಗೆ ಹಿತವಾಗಿತ್ತು.

ಅವತ್ತಿನಿಂದ ಅವಳು ಹತ್ತಕ್ಕೆ ಮೊಬೈಲ್ ಆರಿಸಿ ಮಲಗಿದಳು. ಹನ್ನೆರಡಕ್ಕೆ ಮಾತ್ರ ತಾನಾಗಿ ಎಚ್ಚರವಾಗುತ್ತಿತ್ತು. *ಈಗ ಅವನ ಪಾಳಿ...* ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದಳು. ಇದಕ್ಕೆ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ನಟಿಸುವ ಹುಡುಗಿ ಅವಳಲ್ಲ. ಆದರೆ ಮೊದಲು ಆ ಮಾತು ತೀರಬೇಕಿತ್ತು. ತಪ್ಪು ಹೇಳಿಕೊಳ್ಳದೆ ಪ್ರೀತಿ ಹೇಳುವುದು ಅವಳಿಗೆ ಸರಿ ಕಾಣಲಿಲ್ಲ.

ಪರೀಕ್ಷಕರು ಬರುವ ಹಿಂದಿನ ದಿನ ಪುಂಡಲೀಕ ಹೇಳಿದ. "ನಾಳೆ ಕುರಿ ಯಮನೂರ ಕಡಿ ಹೊಂಟಾವ. ನಾ ಬರಾಕ ಆಗೂದಿಲ್ರಿ."

"ನೀವು ಬರದಿದ್ರೂ ನಾ ಹೇಳ್ತೀನಿ."

* * *

"ಒಂದು ಫಾರ್ಮಿನ ಸಲುವಾಗಿ ಆಯ್ಕೆ ಕಳ್ಕೊಬ್ಯಾಡ ಸುನೀತಾ," ಎಂದರು ಮಾರ್ಗದರ್ಶಕಿ ರೋಹಿಣಿ ಮೇಡಂ. "ಮನಸ್ಸಿಗೆ ಬಂದಂಗ ಫಾರ್ಮ್ ತಗದೀನಿ ಅಂದ್ರ ಇಡೀ ಸಮೀಕ್ಷೆನ ನಂಬೂದಿಲ್ಲ ಅವರು."

"ನಂಬದಿದ್ರೂ ನಡೀತೈತ್ರಿ ಮೇಡಂ."

ಅದೇ ಸಭಾಭವನ, ಅದೇ ಮೈಕು, ಅವತ್ತು ನಕ್ಕ ಅವೇ ಮುಖಗಳು. ಸುನೀತಾ ಅಂಕಿ ಹೇಳಿದಳು, ಚಿತ್ರ ತೋರಿಸಿದಳು. ಕೊನೆಗೆ ಪರದೆಯ ಮೇಲೆ ಕೆಂಪು ಗೆರೆಯ ಫಾರ್ಮು ಬಂತು.

"ಇದನ್ನು ಸುಳ್ಳು ಅಂತ ನಾನು ಗೆರೆ ಎಳೆದೆ. ನಿಮ್ಮ ಮುಂದೆ ಓದಿ ನಗಿಸಿದೆ. ಇದು ನಿಜವಾದ ಫಾರ್ಮು. ಹೊಲದಲ್ಲಿ ಕುರಿ ಕಾಯುತ್ತ ಡಿಗ್ರಿ ಓದುವವರು ನಮ್ಮ ಕಾಲೇಜಿನಲ್ಲಿದ್ದಾರೆ. ಬಲ್ಬಿಲ್ಲದ ಸಂಜೆ ನಾನು ಕಂಡಿರಲಿಲ್ಲ, ಅದಕ್ಕೆ ಅದು ಇಲ್ಲವೇ ಇಲ್ಲ ಅಂದುಕೊಂಡೆ. ತಪ್ಪು ಅವರದಲ್ಲ, ನನ್ನದು. ಎಲ್ಲರ ಎದುರು ಕ್ಷಮೆ ಕೇಳುತ್ತೇನೆ."

ನಂತರ ಕೊನೆಯ ಉತ್ತರ ಓದಿದಳು. ಆರಿಸೂದು ಯಾರೂ ಕಲಿಸವಲ್ರು... ಯಾರೂ ನಗಲಿಲ್ಲ.

"ಇನ್ನೂ ಇಂಥ ಎಷ್ಟು ಫಾರ್ಮ್ ತೆಗೆದಿದ್ದೀರಿ?" ಎಂದರು ಪರೀಕ್ಷಕರು.

"ಇದೊಂದೇ ಸರ್. ಆದರೆ ನನ್ನ ಮಾತು ನಂಬಿ ಅನ್ನೋ ಹಕ್ಕು ನನಗಿಲ್ಲ."

ಪ್ರಾಜೆಕ್ಟು ಆಯ್ಕೆಯಾಗಲಿಲ್ಲ. ಎರೆಮಣ್ಣಿನ ಮೇಲೆ ಕೆಲಸ ಮಾಡಿದ ಇನ್ನೊಂದು ಗುಂಪು ಧಾರವಾಡಕ್ಕೆ ಹೋಯಿತು. ಸುನೀತಾ ಅವರಿಗೆ ಮನಸಾರೆ ಚಪ್ಪಾಳೆ ತಟ್ಟಿದಳು. ಕಣ್ಣಂಚಿಗೆ ನೀರು ಬಂತು, ಅದನ್ನೂ ಮುಚ್ಚಿಡಲಿಲ್ಲ.

ಹೊರಗೆ ಬಂದರೆ ಬೇವಿನ ಗಿಡದ ಕೆಳಗೆ ಅವನು ನಿಂತಿದ್ದ. ಮೊಣಕಾಲಿನವರೆಗೆ ಧೂಳು, ಹೆಗಲ ಮೇಲೆ ಕಂಬಳಿ.

"ಕುರಿ?" ಎಂದಳು.

"ಅಪ್ಪ ಹೊಡಕೊಂಡು ಹೋಗ್ಯಾನ. ಹೋಗಿ ಕೇಳ್ಕೊಂಡು ಬಾ ಅಂದ. ಬಾಗಿಲದಾಗ ನಿಂತು ಎಲ್ಲಾ ಕೇಳೀನಿ." ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡ. "ನನ್ನ ಸಲುವಾಗಿ ಧಾರವಾಡ ಹೋತಲ್ರಿ."

"ಧಾರವಾಡ ಎಲ್ಲಿ ಹೋಗತೈತಿ, ಬಸ್ಸು ತಾಸಿಗೊಂದು ಅದಾವ."

ಅವನು ನಕ್ಕ. ಸುನೀತಾ ಬ್ಯಾಗಿನಿಂದ ಎರಡು ಫಾರ್ಮು ತೆಗೆದಳು. ಕೈಯಲ್ಲಿ ಬರೆದವು, ಒಂದೊಂದರಲ್ಲೂ ಒಂದೇ ಪ್ರಶ್ನೆ.

'ಸೂರ್ಯ ಮುಳುಗಿದ ಮೇಲೆ ಎಷ್ಟು ತಾಸು ಎದುರಿಗಿರುವವರ ನೆನಪಿನಲ್ಲಿ ಇರುತ್ತೀರಿ?'

ಒಂದರಲ್ಲಿ ಉತ್ತರ ಆಗಲೇ ತುಂಬಿತ್ತು. 'ಹತ್ತರಿಂದ ಹನ್ನೆರಡು ನಿದ್ದೆ. ಅವರ ಪಾಳಿ ಶುರುವಾದರೆ ನನ್ನದೂ ಶುರು.' ಕೆಳಗೆ ನಂಬರಿನ ಜಾಗದಲ್ಲಿ ಅವಳ ಹೆಸರು.

ಪುಂಡಲೀಕ ಓದಿದ. ಮತ್ತೊಮ್ಮೆ ಓದಿದ.

"ಖರೇನ?"

"ಸುಳ್ಳು ಫಾರ್ಮ್ ನಾ ತುಂಬಂಗಿಲ್ಲ."

ಅವನು ಪೆನ್ನು ಕೇಳಿ ಇಸಿದುಕೊಂಡು, ಕಂಬಳಿಯ ಮಡಿಕೆಯ ಮೇಲೆ ಕಾಗದವಿಟ್ಟು ಬರೆದ. ಬಹಳ ಹೊತ್ತು ಬರೆದ ಹಾಗೆ ಅವಳಿಗನಿಸಿತು. ಕೊಟ್ಟಾಗ ನೋಡಿದರೆ ಒಂದೇ ಸಾಲು.

'ಎಂಟರಿಂದ ಹನ್ನೆರಡು ನಿದ್ದಿ. ಉಳಿದದ್ದೆಲ್ಲಾ.'

ಬೇವಿನ ಎಲೆಯ ಸಂದಿಯಿಂದ ಬಿದ್ದ ಬಿಸಿಲು ಆ ಅಕ್ಷರಗಳ ಮೇಲೆ ಅಲ್ಲಾಡುತ್ತಿತ್ತು.

"ಈ ಸಲ ಗೆರಿ ಎಳೀಬ್ಯಾಡ," ಎಂದ ಪುಂಡಲೀಕ, ಮೊದಲ ಬಾರಿಗೆ 'ರಿ' ಬಿಟ್ಟು.

ಸುನೀತಾ ಎರಡೂ ಫಾರ್ಮುಗಳನ್ನು ಒಂದರ ಮೇಲೊಂದಿಟ್ಟು ಮಡಚಿದಳು.

"ಇಲ್ಲ," ಎಂದಳು. "ಇದನ್ನ ಲೆಕ್ಕಕ್ಕ ಹಿಡದೀನಿ. ನೀ ನಡಿ, ಕತ್ತಲಾಗೂದ್ರಾಗ ಯಮನೂರ ಮುಟ್ಟಬೇಕು."

"ನೀನು?"

"ಬಸ್ ಸ್ಟ್ಯಾಂಡ್ ತನಕ ನಿನ್ನ ಕೂಡ ಬರ್ತೀನಿ. ಹೋಗೂಣು."